ಸಚಿವರು ಹೇಳಿದ ಕೋಟಿ ಯಾವ ವರ್ಷದ್ದು, ಎಣಿಸಿದ ತಲೆ ಯಾವ ವರ್ಷದ್ದು? ಪದೇ ಪದೇ ಕೇಳುವ ಪ್ರಶ್ನೆಗಳು

ಅಧಿವೇಶನ ಶುರುವಾದ ವಾರ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಒಂದೇ ಜಗಳ. ಒಬ್ಬರು "ಕೇಂದ್ರ ಇಷ್ಟು ಕೋಟಿ ಕೊಟ್ಟಿದೆ ಅಂತ ಹಣಕಾಸು ಸಚಿವರೇ ಸದನದಲ್ಲಿ ಹೇಳಿದ್ದಾರೆ" ಅಂತ ಹಾಕುತ್ತಾರೆ. ಇನ್ನೊಬ್ಬರು "ಅದೆಲ್ಲ ಸುಳ್ಳು, ನಮಗೆ ಬಂದಿದ್ದು ಚೊಂಬು" ಅಂತ ಹಾಕುತ್ತಾರೆ. ಆಮೇಲೆ ಇಬ್ಬರೂ ನನಗೆ ಬೇರೆಯಾಗಿ ಮೆಸೇಜ್ ಮಾಡಿ ಯಾರದು ಸರಿ ಅಂತ ಕೇಳುತ್ತಾರೆ. ನಾನು ಅರ್ಥಶಾಸ್ತ್ರ ಓದಿದವನಲ್ಲ. ಸದನದ ಉತ್ತರಗಳ ಪಿಡಿಎಫ್ ಓದುವ ಚಟ ಒಂದಿದೆ, ಅಷ್ಟೇ. ಪ್ರತಿ ಸಲ ಅದೇ ಉತ್ತರ ಟೈಪ್ ಮಾಡಿ ಸಾಕಾಗಿದೆ, ಹಾಗಾಗಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಓದುವ ಮೊದಲು ಒಂದು ವಿಷಯ ತಲೆಯಲ್ಲಿರಲಿ. ಖರ್ಚಿನ ಬಗ್ಗೆ ಸಚಿವರು ಕೊಡುವ ಬಹುಪಾಲು ಉತ್ತರಗಳಲ್ಲಿ ಎರಡು ಸಂಖ್ಯೆ ಇರುತ್ತವೆ. ಮೇಲೊಂದು ದುಡ್ಡಿನದು, ಕೆಳಗೊಂದು ಜನರದು. ಜಗಳ ಆಗುವುದು ಮೇಲಿನದರ ಬಗ್ಗೆ. ಎಡವುವುದು ಮಾತ್ರ ಕೆಳಗಿನದರಲ್ಲಿ.

ಹಣಕಾಸು ಸಚಿವರನ್ನು ಸದನದಲ್ಲಿ ಪ್ರಶ್ನೆ ಕೇಳುವುದು ಹೇಗೆ? ಎದ್ದು ನಿಂತು ಕೇಳಿದರೆ ಆಯಿತಾ?

ಇಲ್ಲ. ಲೋಕಸಭೆಯಲ್ಲಿ ಸಂಸದರು ಕನಿಷ್ಠ 15 ದಿನ ಮೊದಲೇ ನೋಟಿಸ್ ಕೊಡಬೇಕು. ನೂರಾರು ನೋಟಿಸ್ ಬರುವುದರಿಂದ ಲಾಟರಿ ಎತ್ತುತ್ತಾರೆ. ಅದರಲ್ಲಿ ದಿನಕ್ಕೆ 20 ಪ್ರಶ್ನೆ ಮಾತ್ರ ಬಾಯಿಮಾತಿನ ಉತ್ತರಕ್ಕೆ ಆಯ್ಕೆಯಾಗುತ್ತವೆ. ಇವೇ ಚುಕ್ಕೆ ಗುರುತಿನ ಪ್ರಶ್ನೆಗಳು. ಇನ್ನು 230 ಪ್ರಶ್ನೆಗೆ ಲಿಖಿತ ಉತ್ತರ, ಅವು ಚುಕ್ಕೆ ಗುರುತಿಲ್ಲದವು. ಪ್ರಶ್ನೋತ್ತರ ಬೆಳಿಗ್ಗೆ 11ರಿಂದ 12ರವರೆಗೆ. ರಾಜ್ಯಸಭೆಯಲ್ಲಿ 12ರಿಂದ 1. ಇಲಾಖೆಗಳಿಗೆ ವಾರದ ಒಂದೊಂದು ದಿನ ಹಂಚಿರುತ್ತಾರೆ. ಲೋಕಸಭೆಯಲ್ಲಿ ಹಣಕಾಸಿನ ಸರದಿ ಸಾಮಾನ್ಯವಾಗಿ ಸೋಮವಾರ.

ಚುಕ್ಕೆ ಇದ್ದರೆ ಏನು ಲಾಭ ಅಂದರೆ, ಉತ್ತರ ಕೇಳಿದ ಮೇಲೆ ಉಪಪ್ರಶ್ನೆ ಕೇಳಬಹುದು. ಸಚಿವರಿಗೆ ನಿಜವಾಗಿ ಬೆವರು ಬರುವುದು ಅಲ್ಲೇ. ಲಿಖಿತ ಉತ್ತರವನ್ನು ಅಧಿಕಾರಿಗಳು ಬರೆದಿರುತ್ತಾರೆ, ಉಪಪ್ರಶ್ನೆಗೆ ಸಚಿವರೇ ಬಾಯಿ ಬಿಡಬೇಕು. ಆದರೆ ಒಂದು ಗಂಟೆಯಲ್ಲಿ ಇಪ್ಪತ್ತೂ ಮುಗಿಯುವುದಿಲ್ಲ. ಗಲಾಟೆಯಾದ ದಿನ ಒಂದೂ ಮುಗಿಯುವುದಿಲ್ಲ. ಉಳಿದವು ಲಿಖಿತ ಉತ್ತರದ ರಾಶಿಗೆ ಸೇರುತ್ತವೆ.

ನಾನು ಸಾಮಾನ್ಯ ಮನುಷ್ಯ. ನಾನೇ ಕೇಳಬಹುದಾ?

ಸದನದಲ್ಲಿ ಆಗಲ್ಲ. ನಿಮ್ಮ ಸಂಸದರಿಗೋ ಶಾಸಕರಿಗೋ ಬರೆದು ಕೇಳಿಸಬಹುದು, ಕೆಲವರು ನಿಜಕ್ಕೂ ಕೇಳುತ್ತಾರೆ. ಇಲ್ಲದಿದ್ದರೆ ಆರ್‌ಟಿಐ ಇದೆ. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ಮನಸ್ಸಿನ ದುಃಖವನ್ನೆಲ್ಲ ತೋಡಿಕೊಂಡು ಮೂರು ಪುಟ ಬರೆದರೆ ಅರ್ಜಿ ವಾಪಸ್ ಬರುತ್ತದೆ, ಅನುಭವದ ಮಾತು.

ವಿಧಾನಸಭೆಯ ಉತ್ತರ ಓದಿದರೆ ಏನೂ ಅರ್ಥ ಆಗಲ್ಲ. ಯಾಕೆ ಹಾಗೆ ಬರೆಯುತ್ತಾರೆ?

ಅದಕ್ಕೊಂದು ಶೈಲಿಯಿದೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಮಧ್ಯೆ ಗೆರೆ. ನಾನೇ ಕಟ್ಟಿದ ಒಂದು ಮಾದರಿ ನೋಡಿ:

(ಅ) ಕಳೆದ ಮೂರು ವರ್ಷಗಳಲ್ಲಿ ತಾಲ್ಲೂಕಿನ ಕೆರೆಗಳ ಅಭಿವೃದ್ಧಿಗೆ ಒದಗಿಸಿರುವ ಅನುದಾನವೆಷ್ಟು? – ವಿವರಗಳನ್ನು ಅನುಬಂಧ-1ರಲ್ಲಿ ಲಗತ್ತಿಸಿದೆ.
(ಆ) ಸದರಿ ಕಾಮಗಾರಿಗಳು ವಿಳಂಬವಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? – ಇಲ್ಲ.
(ಇ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? – ಉದ್ಭವಿಸುವುದಿಲ್ಲ.

ಈ "ಉದ್ಭವಿಸುವುದಿಲ್ಲ" ಇದೆಯಲ್ಲ, ಇಷ್ಟು ಚಿಕ್ಕ ಪದದಲ್ಲಿ ಇಷ್ಟು ದೊಡ್ಡ ಬಾಗಿಲು ಹಾಕುವುದು ಇನ್ನೆಲ್ಲೂ ನೋಡಿಲ್ಲ. ತಪ್ಪು ಅರ್ಧ ಪ್ರಶ್ನೆ ಕೇಳಿದವರದೂ ಹೌದು. "ಗಮನಕ್ಕೆ ಬಂದಿದೆಯೇ" ಅಂತ ಕೇಳಿದರೆ "ಇಲ್ಲ" ಅನ್ನುವ ದಾರಿಯನ್ನು ನಾವೇ ತೋರಿಸಿದ ಹಾಗೆ. ಎಷ್ಟು ಕೊಟ್ಟಿರಿ, ಎಷ್ಟು ಖರ್ಚಾಯಿತು, ಯಾವ ತಾರೀಕಿನವರೆಗೆ, ಈ ಮೂರನ್ನೇ ಕೇಳಿದರೆ ತಪ್ಪಿಸಿಕೊಳ್ಳುವುದು ಕಷ್ಟ.

ಇನ್ನೊಂದು ವಿಷಯ. ಸರಕು ಇರುವುದು ಅನುಬಂಧದಲ್ಲಿ. ಟಿವಿಯಲ್ಲಿ ಓದುವುದು ಮೊದಲ ಪುಟ ಮಾತ್ರ.

"ಒದಗಿಸಲಾಗಿದೆ", "ಬಿಡುಗಡೆ ಮಾಡಲಾಗಿದೆ", "ಖರ್ಚಾಗಿದೆ", ಮೂರೂ ಒಂದೇ ಅಲ್ವಾ?

ಅಲ್ಲವೇ ಅಲ್ಲ. ಇದೊಂದು ಗೊತ್ತಾದರೆ ಅರ್ಧ ಜಗಳ ನಿಲ್ಲುತ್ತದೆ.

ಒದಗಿಸಿದ್ದು ಅಂದರೆ ಬಜೆಟ್ ಪುಸ್ತಕದಲ್ಲಿ ಬರೆದದ್ದು. ಬಿಡುಗಡೆ ಅಂದರೆ ಹಣಕಾಸು ಇಲಾಖೆ ಆ ಇಲಾಖೆಗೆ ದಾಟಿಸಿದ್ದು. ಖರ್ಚು ಅಂದರೆ ಕೆಲಸ ಮಾಡಿಸಿ ಬಿಲ್ಲು ಪಾಸಾಗಿದ್ದು. ಮದುವೆಗೆ ಐದು ಲಕ್ಷ ಇಟ್ಟಿದ್ದೇನೆ ಅನ್ನುವುದು, ಬ್ಯಾಂಕಿನಿಂದ ತೆಗೆದೆ ಅನ್ನುವುದು, ಅಡುಗೆಯವರಿಗೆ ಕೊಟ್ಟೆ ಅನ್ನುವುದು ಹೇಗೆ ಬೇರೆ ಬೇರೆಯೋ ಹಾಗೆ.

ಬಜೆಟ್ ಪುಸ್ತಕದಲ್ಲೂ ಪ್ರತಿ ಬಾಬ್ತಿಗೆ ನಾಲ್ಕು ಕಾಲಂ ಇರುತ್ತದೆ. 2025-26ರ ಕೇಂದ್ರ ಬಜೆಟ್ ತೆಗೆದರೆ 2023-24ರ ವಾಸ್ತವ ಲೆಕ್ಕ, 2024-25ರ ಬಜೆಟ್ ಅಂದಾಜು, ಅದೇ ವರ್ಷದ ಪರಿಷ್ಕೃತ ಅಂದಾಜು, ಕೊನೆಗೆ 2025-26ರ ಬಜೆಟ್ ಅಂದಾಜು. ಆಡಳಿತ ಪಕ್ಷದವರಿಗೆ ಕೊನೇ ಕಾಲಂ ಇಷ್ಟ. ವಿರೋಧ ಪಕ್ಷದವರಿಗೆ ಮೊದಲನೆಯದು. ಯಾರೂ ಸುಳ್ಳು ಹೇಳುತ್ತಿಲ್ಲ, ಬೇರೆ ಬೇರೆ ಕಾಲಂ ಓದುತ್ತಿದ್ದಾರೆ.

ಇದಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ಉದಾಹರಣೆ ಜನಗಣತಿಯದೇ. 2021ರ ಫೆಬ್ರವರಿ 1ರ ಬಜೆಟ್ ಭಾಷಣದಲ್ಲಿ ನಿರ್ಮಲಾ ಸೀತಾರಾಮನ್ ಅವರು, ಮುಂದಿನ ಜನಗಣತಿ ದೇಶದ ಮೊದಲ ಡಿಜಿಟಲ್ ಜನಗಣತಿ ಆಗಬಹುದು, ಅದಕ್ಕೆ ಆ ವರ್ಷ 3,768 ಕೋಟಿ ರೂಪಾಯಿ ಇಟ್ಟಿದ್ದೇವೆ ಎಂದರು. ಸದನದಲ್ಲಿ ಹೇಳಿದ್ದು, ದಾಖಲೆಯಲ್ಲಿದೆ. ಆ ವರ್ಷ ಗಣತಿದಾರರು ಒಂದೇ ಒಂದು ಮನೆಯ ಬಾಗಿಲೂ ತಟ್ಟಲಿಲ್ಲ. ಕೋವಿಡ್‌ನಿಂದ 2020ರಲ್ಲೇ ಗಣತಿ ಮುಂದೆ ಹೋಗಿತ್ತು, ಆಮೇಲೂ ಹೋಗುತ್ತಲೇ ಇತ್ತು. ಹಾಗಾದರೆ ಸಚಿವರು ಹೇಳಿದ್ದು ಸುಳ್ಳಾ? ಇಲ್ಲ. ಇಟ್ಟಿದ್ದು ನಿಜ. ಖರ್ಚು ಅನ್ನುವುದು ಬೇರೆ ಕಾಲಂ.

ಜನಸಂಖ್ಯೆ ಬಗ್ಗೆ ಕೇಳಿದರೆ ಹಣಕಾಸು ಸಚಿವರು ಯಾಕೆ ಜಾರಿಕೊಳ್ಳುತ್ತಾರೆ?

ಜಾರಿಕೊಳ್ಳುವುದಕ್ಕೆ ನಿಯಮವೇ ದಾರಿ ಮಾಡಿಕೊಟ್ಟಿದೆ. ಜನಗಣತಿ ನಡೆಸುವುದು ಗೃಹ ಸಚಿವಾಲಯದ ಕೆಳಗಿನ ರಿಜಿಸ್ಟ್ರಾರ್ ಜನರಲ್ ಕಚೇರಿ, 1948ರ ಜನಗಣತಿ ಕಾಯ್ದೆಯ ಪ್ರಕಾರ. ಗಣತಿ ನಡೆಯದ ವರ್ಷಗಳಿಗೆ ಅಂದಾಜು ಜನಸಂಖ್ಯೆ ಲೆಕ್ಕ ಹಾಕುವುದು ಆರೋಗ್ಯ ಸಚಿವಾಲಯ ನೇಮಿಸಿದ ತಾಂತ್ರಿಕ ತಂಡ. ಆ ತಂಡ 2011ರಿಂದ 2036ರವರೆಗಿನ ಅಂದಾಜನ್ನು 2020ರಲ್ಲಿ ಕೊಟ್ಟಿದೆ. ಹಣಕಾಸು ಸಚಿವಾಲಯ ಇವರು ಕೊಟ್ಟಿದ್ದನ್ನು ಬಳಸುತ್ತದೆ, ಅಷ್ಟೇ.

ಹಾಗಾಗಿ "ನಮ್ಮ ರಾಜ್ಯದಲ್ಲಿ ಈಗ ಎಷ್ಟು ಜನ ಇದ್ದಾರೆ, ಅದಕ್ಕೆ ತಕ್ಕ ದುಡ್ಡು ಯಾಕೆ ಬಂದಿಲ್ಲ" ಅಂತ ಕೇಳಿದರೆ, ಮೊದಲರ್ಧ ಗೃಹ ಇಲಾಖೆಗೆ ಸಂಬಂಧಿಸಿದ್ದು, ಎರಡನೆಯದು ಹಣಕಾಸು ಆಯೋಗದ ಶಿಫಾರಸು ಅನ್ನುವ ಉತ್ತರ ಬರುತ್ತದೆ. ತಮಾಷೆ ಅಂದರೆ ಗೃಹ ಮತ್ತು ಹಣಕಾಸು ಸಚಿವಾಲಯ ಎರಡೂ ದಶಕಗಟ್ಟಲೆ ದೆಹಲಿಯ ನಾರ್ತ್ ಬ್ಲಾಕ್ ಅನ್ನುವ ಒಂದೇ ಕಟ್ಟಡದಲ್ಲಿದ್ದವು.

ನಿಜವಾಗಲೂ 2011ರ ಲೆಕ್ಕವೇ ಕೊನೆಯದಾ?

ಹೌದು. 2011ರ ಮಾರ್ಚ್ 1ರ ಮಧ್ಯರಾತ್ರಿಗೆ ದೇಶದಲ್ಲಿ 121 ಕೋಟಿ, ಕರ್ನಾಟಕದಲ್ಲಿ 6.11 ಕೋಟಿ ಜನ. ನಮ್ಮ ಚಿಕ್ಕಮ್ಮ ಪ್ರೈಮರಿ ಶಾಲೆ ಟೀಚರ್, ಆಗ ಗಣತಿದಾರರಾಗಿದ್ದರು. ಫೆಬ್ರವರಿ 9ರಿಂದ 28ರವರೆಗೆ ಶಾಲೆ ಮುಗಿಸಿ, ಬಗಲಿಗೆ ಚೀಲ ಹಾಕಿಕೊಂಡು ಮನೆಮನೆ ತಿರುಗುತ್ತಿದ್ದರು. ಫಾರಂನಲ್ಲಿ 29 ಪ್ರಶ್ನೆ. ವಯಸ್ಸು ಕೇಳಿದರೆ ಅಜ್ಜಿಯರು "ದೊಡ್ಡ ಬರ ಬಂದ ವರ್ಷ ನಾನು ಎತ್ತಿಕೊಳ್ಳೋ ಮಗು" ಅನ್ನುತ್ತಿದ್ದರಂತೆ. ಫೆಬ್ರವರಿ 28ರ ರಾತ್ರಿ ಮನೆ ಇಲ್ಲದವರನ್ನು ಎಣಿಸಬೇಕು. ಚಿಕ್ಕಪ್ಪ ಟಾರ್ಚ್ ಹಿಡಿದುಕೊಂಡು ಜೊತೆಗೆ ಹೋಗಿದ್ದರು, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮಲಗಿದ್ದ ಇಬ್ಬರನ್ನು ಎಬ್ಬಿಸಿ ಬರೆದುಕೊಂಡರು. ಆ ಇಬ್ಬರೂ 6.11 ಕೋಟಿಯೊಳಗೆ ಇದ್ದಾರೆ. ಮಾರ್ಚ್ 1 ಕಳೆದ ಮೇಲೆ ಹುಟ್ಟಿದ ಮಗು ಮಾತ್ರ ಅದರಲ್ಲಿ ಇಲ್ಲ. ಆ ಮಗು ಈಗ ಹೈಸ್ಕೂಲು.

ಮುಂದಿನ ಗಣತಿಗೆ 2025ರ ಜೂನ್ 16ರಂದು ಅಧಿಸೂಚನೆ ಬಂತು. ಲೆಕ್ಕದ ಕ್ಷಣ 2027ರ ಮಾರ್ಚ್ 1. ಲಡಾಖ್, ಹಿಮಾಚಲದಂಥ ಹಿಮ ಬೀಳುವ ಕಡೆ 2026ರ ಅಕ್ಟೋಬರ್ 1. ಮನೆಪಟ್ಟಿ ಮಾಡುವ ಮೊದಲ ಹಂತಕ್ಕೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ಅವಧಿ ಇಟ್ಟರು. ಒಟ್ಟು ಖರ್ಚಿಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 11,718 ಕೋಟಿ.

2025ರಲ್ಲಿ ಟೀಚರ್ ಬಂದು ಮನೆಗೆ ಸ್ಟಿಕ್ಕರ್ ಅಂಟಿಸಿ ಅರವತ್ತು ಪ್ರಶ್ನೆ ಕೇಳಿದರಲ್ಲ, ಅದೇ ಜನಗಣತಿ ಅಲ್ವಾ?

ಅಲ್ಲ. ಅದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ. 2025ರ ಸೆಪ್ಟೆಂಬರ್ 22ಕ್ಕೆ ಶುರುವಾಗಿದ್ದು. ಕರೆಂಟ್ ಮೀಟರ್ ಆಧಾರದ ಮೇಲೆ ಮನೆ ಗುರುತಿಸಿದ್ದರು. ಜನಗಣತಿಗೆ ಉತ್ತರ ಕೊಡುವುದು ಕಾಯ್ದೆ ಪ್ರಕಾರ ಕಡ್ಡಾಯ, ಸಮೀಕ್ಷೆಗೆ ಕೊಡುವುದು ಕಡ್ಡಾಯವಲ್ಲ ಅಂತ ಹೈಕೋರ್ಟ್ ಹೇಳಿತು. ಕೇಂದ್ರದಿಂದ ಬರುವ ತೆರಿಗೆ ಪಾಲಿಗೆ ಈ ಸಮೀಕ್ಷೆಯ ಸಂಖ್ಯೆ ಲೆಕ್ಕಕ್ಕಿಲ್ಲ.

"ತಲಾ ಇಷ್ಟು ಖರ್ಚು ಮಾಡುತ್ತಿದ್ದೇವೆ" ಅಂತ ಹೇಳುತ್ತಾರೆ. ನಂಬಬಹುದಾ?

ನಂಬುವ ಮೊದಲು ಯಾವ ವರ್ಷದ ತಲೆ ಅಂತ ಕೇಳಿ.

ಕೈಲೆಕ್ಕ ಮಾಡೋಣ. ಸಿದ್ದರಾಮಯ್ಯನವರು 2025ರ ಮಾರ್ಚ್ 7ರಂದು ಮಂಡಿಸಿದ್ದು ಅವರ 16ನೇ ಬಜೆಟ್, ಒಟ್ಟು ಗಾತ್ರ 4,09,549 ಕೋಟಿ. ಆಗ ಮುಖ್ಯಮಂತ್ರಿಯೂ ಅವರೇ, ಹಣಕಾಸು ಸಚಿವರೂ ಅವರೇ. ಇದನ್ನು 2011ರ 6.11 ಕೋಟಿಯಿಂದ ಭಾಗಿಸಿ. ತಲೆಗೆ ಸುಮಾರು 67,000 ರೂಪಾಯಿ. ಈಗಿನ ಜನಸಂಖ್ಯೆ 6.8 ಕೋಟಿ ಅಂತ ಇಟ್ಟುಕೊಂಡು ಭಾಗಿಸಿ. 60,200 ರೂಪಾಯಿ. ಬಜೆಟ್ಟಿನಲ್ಲಿ ಒಂದು ಪೈಸೆ ಬದಲಾಗಿಲ್ಲ, ತಲೆಗೆ 6,800 ರೂಪಾಯಿ ಮಾಯ. ಐದು ಜನರ ಮನೆಗೆ 34,000 ಆಯಿತು.

ಹೊಸ ದುಡ್ಡು, ಹಳೇ ತಲೆ. ಇದು ಯಾವ ಪಕ್ಷದ ಸರ್ಕಾರ ಬಂದರೂ ನಡೆಯುವ ಆಟ. ಬೇಕಂತಲೇ ಮಾಡುತ್ತಾರೆ ಅಂತಲೂ ಅಲ್ಲ. ಬೇರೆ ಅಧಿಕೃತ ಸಂಖ್ಯೆ ಇಲ್ಲ ಅಂದಾಗ ಅಧಿಕಾರಿ ಕೈಗೆ ಸಿಗುವುದು 2011ರದ್ದೇ.

ಇದರಿಂದ ನನಗೇನು ತೊಂದರೆ? ಲೆಕ್ಕ ಅವರದು.

ರೇಷನ್ ಕಾರ್ಡ್ ಇದೆಯಾ? ಹಾಗಾದರೆ ನಿಮ್ಮದೂ ಹೌದು.

2013ರ ಆಹಾರ ಭದ್ರತಾ ಕಾಯ್ದೆ ಹಳ್ಳಿಯ ಶೇ 75, ಪಟ್ಟಣದ ಶೇ 50 ಜನರಿಗೆ ಅಕ್ಕಿ ಗೋಧಿ ಕೊಡಬೇಕು ಅನ್ನುತ್ತದೆ. ದೇಶಕ್ಕೆ ಒಟ್ಟು 81.35 ಕೋಟಿ ಜನ, ಕರ್ನಾಟಕಕ್ಕೆ ಸುಮಾರು 4.02 ಕೋಟಿ. ಈ ಮಿತಿ ನಿಗದಿಯಾಗಿದ್ದು 2011ರ ಜನಸಂಖ್ಯೆ ಮೇಲೆ. ಶೇಕಡಾವಾರು ಕಾಯ್ದೆಯಲ್ಲಿದೆ, ತಲೆಗಳು ಮಾತ್ರ 2011ರಲ್ಲೇ ನಿಂತಿವೆ. ಮಿತಿ ತುಂಬಿದ ಮೇಲೆ ಹೊಸಬರು ಒಳಗೆ ಬರಬೇಕಾದರೆ ಹಳಬರು ಹೊರಗೆ ಹೋಗಬೇಕು, ಇಲ್ಲವೇ ರಾಜ್ಯ ತನ್ನ ಜೇಬಿನಿಂದ ಕೊಡಬೇಕು. ಕರ್ನಾಟಕ ಒಂದಷ್ಟು ಕಾರ್ಡಿಗೆ ಹಾಗೆ ಕೊಡುತ್ತಿದೆ.

ಅದೇ ಚಿಕ್ಕಮ್ಮನ ಸೊಸೆಯ ಹೆಸರು ಕಾರ್ಡಿಗೆ ಸೇರಿಸಲು ಎರಡು ವರ್ಷ ಓಡಾಡಿದೆವು. ಒಂದು ಸಲ ಸರ್ವರ್ ಡೌನ್. ಒಂದು ಸಲ ತಿದ್ದುಪಡಿ ಬಂದ್. ಇನ್ನೊಂದು ಸಲ ಕೌಂಟರಿನವರು "ಮೇಲಿಂದ ಬಿಟ್ಟಿಲ್ಲ ಮೇಡಂ" ಅಂದರು. ಚಿಕ್ಕಮ್ಮ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, "ಊರಿನವರನ್ನೆಲ್ಲ ನಾನೇ ಎಣಿಸಿ ಕೊಟ್ಟೆ, ಈಗ ನಮ್ಮನೆ ಹುಡುಗೀನ ಎಣಿಸೋರಿಲ್ಲ ನೋಡು" ಅಂದರು.

ಕರ್ನಾಟಕದ ತೆರಿಗೆ ಪಾಲು ಕಡಿಮೆಯಾಗಿದ್ದು ಜನಸಂಖ್ಯೆ ಕಡಿಮೆ ಇರುವುದಕ್ಕಾ?

ಇದೇ ನನಗೆ ಅತಿ ಜಾಸ್ತಿ ಬರುವ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಕೇಂದ್ರ ವಸೂಲು ಮಾಡುವ ತೆರಿಗೆಯಲ್ಲಿ ರಾಜ್ಯಗಳಿಗೆ ಎಷ್ಟು, ಯಾವ ರಾಜ್ಯಕ್ಕೆ ಎಷ್ಟು ಅಂತ ಹೇಳುವುದು ಸಂವಿಧಾನದ 280ನೇ ವಿಧಿಯ ಹಣಕಾಸು ಆಯೋಗ. 14ನೇ ಆಯೋಗ ಹಂಚುವ ತೆರಿಗೆಯ ಶೇ 42 ರಾಜ್ಯಗಳಿಗೆ ಅಂದಿತು, ಅದರಲ್ಲಿ ಕರ್ನಾಟಕದ ಪಾಲು ಶೇ 4.713. 15ನೇ ಆಯೋಗ ಶೇ 41 ಮಾಡಿತು, ಕರ್ನಾಟಕದ ಪಾಲು 2021ರಿಂದ 26ರ ಅವಧಿಗೆ ಶೇ 3.647ಕ್ಕೆ ಇಳಿಯಿತು.

ಚುಕ್ಕೆ ಆದಮೇಲಿನ ಅಂಕಿ ಅಂತ ತಳ್ಳಿಹಾಕಬೇಡಿ. 2025-26ರ ಕೇಂದ್ರ ಬಜೆಟ್‌ನಲ್ಲಿ ರಾಜ್ಯಗಳಿಗೆಲ್ಲ ಸೇರಿ ಹಂಚಿದ್ದು 14.22 ಲಕ್ಷ ಕೋಟಿ. ಅದರ ಶೇ 3.647 ಅಂದರೆ ಸುಮಾರು 51,900 ಕೋಟಿ. ಹಳೇ 4.713 ಇದ್ದಿದ್ದರೆ 67,000 ಕೋಟಿ. ವರ್ಷಕ್ಕೆ 15 ಸಾವಿರ ಕೋಟಿ ವ್ಯತ್ಯಾಸ.

ಯಾಕೆ ಇಳಿಯಿತು? ಜನರ ಎಣಿಕೆ ಒಂದು ಕಾರಣ, ಮುಖ್ಯ ಕಾರಣ ಅಲ್ಲ. 14ನೇ ಆಯೋಗ 1971ರ ಜನಸಂಖ್ಯೆಗೆ ಶೇ 17.5 ತೂಕ ಕೊಟ್ಟು, 2011ರದ್ದಕ್ಕೆ ಶೇ 10 ಕೊಟ್ಟಿತ್ತು. 15ನೇ ಆಯೋಗಕ್ಕೆ 2011ರದ್ದನ್ನೇ ಬಳಸಿ ಅಂತ ಕೇಂದ್ರ ಬರೆದುಕೊಟ್ಟಿತು. 1971ರಲ್ಲಿ ನಾವು 2.93 ಕೋಟಿ, ಅಂದರೆ ದೇಶದ ಶೇ 5.3. 2011ರಲ್ಲಿ ಶೇ 5.05. ಇದರಿಂದ ಒಂದಿಷ್ಟು ಹೋಯಿತು. ಇದನ್ನು ಸರಿದೂಗಿಸಲು ಹೆರಿಗೆ ಪ್ರಮಾಣ ತಗ್ಗಿಸಿದ ರಾಜ್ಯಗಳಿಗೆ ಶೇ 12.5 ತೂಕ ಬೇರೆ ಇಟ್ಟರು.

ದೊಡ್ಡ ಏಟು ಬಿದ್ದಿದ್ದು "ಆದಾಯದ ಅಂತರ" ಅನ್ನುವ ಬಾಬ್ತಿನಲ್ಲಿ. ಅದಕ್ಕೆ ಶೇ 45 ತೂಕ. ಶ್ರೀಮಂತ ರಾಜ್ಯಕ್ಕಿಂತ ನೀವು ಎಷ್ಟು ಕೆಳಗಿದ್ದೀರೋ ಅಷ್ಟು ಜಾಸ್ತಿ ದುಡ್ಡು. ಕರ್ನಾಟಕದ ತಲಾ ಆದಾಯ ಮೇಲೆ ಹೋಗಿತ್ತು, ಪಾಲು ಕೆಳಗೆ ಬಂತು. ಮತ್ತೆ ಇಲ್ಲೂ "ತಲಾ" ಬಂತು ನೋಡಿ. ಬೆಂಗಳೂರಿನ ಸಾಫ್ಟ್‌ವೇರ್ ದುಡ್ಡನ್ನು ಯಾದಗಿರಿಯ ತಲೆಗೂ ಹಂಚಿ ತೆಗೆದ ಸರಾಸರಿ ಅದು. ಯಾದಗಿರಿಯವರು ಶ್ರೀಮಂತರಾಗಿದ್ದು ಕಾಗದದ ಮೇಲೆ ಮಾತ್ರ.

ನನ್ನ ಅಭಿಪ್ರಾಯ ಕೇಳಿದರೆ, ಬಿಹಾರಕ್ಕೆ ಜಾಸ್ತಿ ಹೋಗುವುದು ತಪ್ಪು ಅಂತ ನಾನು ಹೇಳಲ್ಲ. ಬಡ ರಾಜ್ಯಕ್ಕೆ ಹೆಚ್ಚು ಅನ್ನುವುದು ಸರಿಯಾದ ನಿಯಮವೇ. ಆದರೆ ಒಂದೇ ಸಲಕ್ಕೆ ಐದನೇ ಒಂದು ಭಾಗಕ್ಕಿಂತ ಹೆಚ್ಚು ಪಾಲು ಕಿತ್ತರೆ ಯಾವ ಮನೆಯ ಲೆಕ್ಕವೂ ತಡೆದುಕೊಳ್ಳಲ್ಲ. ತಪ್ಪಿದ್ದರೆ ಆ ಕುಸಿತದ ರಭಸದಲ್ಲಿದೆ.

ಆ 5,495 ಕೋಟಿ ಗಲಾಟೆ ಏನು? ಒಬ್ಬರು ಶಿಫಾರಸು ಇತ್ತು ಅಂತಾರೆ, ಒಬ್ಬರು ಇರಲಿಲ್ಲ ಅಂತಾರೆ.

ಎರಡೂ ನಿಜ. 15ನೇ ಆಯೋಗ ಎರಡು ವರದಿ ಕೊಟ್ಟಿತು. 2020-21ರ ಒಂದು ವರ್ಷಕ್ಕಷ್ಟೇ ಕೊಟ್ಟ ಮೊದಲ ವರದಿಯಲ್ಲಿ, ಪಾಲು ದಿಢೀರ್ ಇಳಿದಿದ್ದಕ್ಕೆ ಕರ್ನಾಟಕಕ್ಕೆ 5,495 ಕೋಟಿ ವಿಶೇಷ ಅನುದಾನ ಅಂತ ಇತ್ತು. ಕೇಂದ್ರ ಅದನ್ನು ಒಪ್ಪಲಿಲ್ಲ, ಮರುಪರಿಶೀಲಿಸಿ ಅಂದಿತು. ಅಂತಿಮ ವರದಿಯಲ್ಲಿ ಅದು ಇಲ್ಲ. ಒಬ್ಬರು ಮೊದಲ ವರದಿ ಹಿಡಿದುಕೊಂಡು ಮಾತಾಡುತ್ತಾರೆ, ಇನ್ನೊಬ್ಬರು ಎರಡನೆಯದು. ಅಂತಿಮ ವರದಿಯಲ್ಲಿ ಬೆಂಗಳೂರಿನ ಕೆರೆಗಳು ಮತ್ತು ಪೆರಿಫೆರಲ್ ರಿಂಗ್ ರೋಡ್‌ಗೆ ಅಂತ ಬೇರೆ 6,000 ಕೋಟಿ ಹೇಳಿದ್ದರು, ಅದೂ ಕೈಗೆ ಬರಲಿಲ್ಲ. 2024ರ ಫೆಬ್ರವರಿ 7ರಂದು ರಾಜ್ಯ ಸರ್ಕಾರ ಜಂತರ್ ಮಂತರ್‌ನಲ್ಲಿ "ನನ್ನ ತೆರಿಗೆ ನನ್ನ ಹಕ್ಕು" ಅಂತ ಕೂತಾಗ ಈ ಎರಡೂ ಸೇರಿಸಿ 11,495 ಕೋಟಿ ಅನ್ನುತ್ತಿದ್ದರು. ಉತ್ತರ ಕೊಟ್ಟ ನಿರ್ಮಲಾ ಸೀತಾರಾಮನ್ ಅವರು 2016ರಿಂದ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು ಅನ್ನುವುದು ಈ ಜಗಳಕ್ಕೆ ಒಗ್ಗರಣೆ.

16ನೇ ಆಯೋಗದಲ್ಲಿ ಏನಾಯಿತು?

ಅರವಿಂದ ಪನಗಾರಿಯಾ ಅಧ್ಯಕ್ಷರು. ರಾಜ್ಯಗಳಿಗೆ ಶೇ 41 ಹಾಗೇ ಇಟ್ಟರು. ದೇಶದ ಜಿಡಿಪಿಗೆ ರಾಜ್ಯದ ಕೊಡುಗೆ ಅನ್ನುವ ಹೊಸ ಬಾಬ್ತು ಸೇರಿಸಿ ಶೇ 10 ತೂಕ ಕೊಟ್ಟರು. ಕರ್ನಾಟಕದ ಪಾಲು ಶೇ 4.131ಕ್ಕೆ ಏರಿತು. 2026-27ರ ಕೇಂದ್ರ ಬಜೆಟ್‌ನಲ್ಲಿ ಸುಮಾರು 63 ಸಾವಿರ ಕೋಟಿ. ಕಳೆದುಕೊಂಡಿದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ವಾಪಸ್ ಬಂತು. ಜನಸಂಖ್ಯೆಗೆ ಬಳಸಿದ್ದು? 2011ರದ್ದೇ. ಈ ಆಯೋಗದ ಲೆಕ್ಕ 2031ರವರೆಗೆ ನಡೆಯುತ್ತದೆ.

ಶೇ 41 ಅಂತಾರೆ, ಆದರೆ ನಮಗೆ ಅಷ್ಟು ಬರುತ್ತಿಲ್ಲ ಅಂತಲೂ ಅಂತಾರೆ?

ಸೆಸ್ ಮತ್ತು ಸರ್ಚಾರ್ಜ್, ಅಂದರೆ ತೆರಿಗೆಯ ಜೊತೆ ಹೆಚ್ಚುವರಿಯಾಗಿ ಹಾಕುವುದನ್ನು, ಕೇಂದ್ರ ಹಂಚಿಕೊಳ್ಳಬೇಕಾಗಿಲ್ಲ. ಹಾಗಾಗಿ ಶೇ 41 ಅನ್ನುವುದು ಒಟ್ಟು ತೆರಿಗೆಯದ್ದಲ್ಲ, ಅವೆರಡನ್ನೂ ವಸೂಲಿ ವೆಚ್ಚವನ್ನೂ ತೆಗೆದು ಉಳಿದಿದ್ದರಲ್ಲಿ.

ಕೇಂದ್ರದ ದುಡ್ಡೆಲ್ಲ ಎಲ್ಲಿಗೆ ಹೋಗುತ್ತದೆ?

2025-26ರ ಅಂದಾಜಿನಲ್ಲಿ ಒಟ್ಟು ಖರ್ಚು 50.65 ಲಕ್ಷ ಕೋಟಿ. ಅದರಲ್ಲಿ 12.76 ಲಕ್ಷ ಕೋಟಿ ಬಡ್ಡಿಗೇ. ನಾಲ್ಕಾಣೆ ಬಡ್ಡಿ. ಬಾಕಿ ಹನ್ನೆರಡಾಣೆಯ ಮೇಲೆ ನಾವು ನೀವು ಜಗಳ ಆಡುತ್ತಿರುವುದು.

ಇಷ್ಟೆಲ್ಲ ಖರ್ಚಿನ ಬಗ್ಗೆ ಸದನದಲ್ಲಿ ಚರ್ಚೆ ಆಗುತ್ತದಾ?

ಕೆಲವೇ ಇಲಾಖೆಗಳ ಬೇಡಿಕೆ ಚರ್ಚೆಗೆ ಬರುತ್ತವೆ. ಕೊನೇ ದಿನ ಉಳಿದಿದ್ದನ್ನೆಲ್ಲ ಗಿಲೊಟಿನ್ ಅಂತ ಒಟ್ಟಿಗೆ ಮತಕ್ಕೆ ಹಾಕುತ್ತಾರೆ. ಲಕ್ಷಾಂತರ ಕೋಟಿ ಮಾತೇ ಇಲ್ಲದೆ ಪಾಸ್. ಖರ್ಚಾದ ಮೇಲೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಬರುತ್ತದೆ, ಸಾರ್ವಜನಿಕ ಲೆಕ್ಕಪತ್ರ ಸಮಿತಿ ನೋಡುತ್ತದೆ. ಆ ಹೊತ್ತಿಗೆ ಸಚಿವರು ಬದಲಾಗಿರುವುದೂ ಉಂಟು.

ಬೆಂಗಳೂರಿಗೆ ಜಾಸ್ತಿ ಕೊಡುತ್ತಾರೆ, ನಮ್ಮ ಜಿಲ್ಲೆಗೆ ಕಡಿಮೆ. ತಲಾ ಲೆಕ್ಕ ಹಾಕಿದರೆ ಗೊತ್ತಾಗುತ್ತದಾ?

ಹಾಕಿ ನೋಡಿ, ಆದರೆ ಯಾವ ಬೆಂಗಳೂರು ಅಂತ ಮೊದಲು ತೀರ್ಮಾನ ಮಾಡಿ. 2011ರಲ್ಲಿ ಪಾಲಿಕೆ ವ್ಯಾಪ್ತಿಯಲ್ಲಿ 84 ಲಕ್ಷ, ಬೆಂಗಳೂರು ನಗರ ಜಿಲ್ಲೆಯಲ್ಲಿ 96 ಲಕ್ಷ. ಒಂದೇ ಹೆಸರು, 12 ಲಕ್ಷ ವ್ಯತ್ಯಾಸ. 2025ರಲ್ಲಿ ಪಾಲಿಕೆಯನ್ನು ಐದು ಮಾಡಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಾಗಲೂ ವಾರ್ಡ್ ಕೊಯ್ದಿದ್ದು 2011ರ ಜನಸಂಖ್ಯೆಯ ಮೇಲೆ. ಮಹದೇವಪುರದ ಕಡೆ ಹತ್ತು ವರ್ಷದ ಹಿಂದೆ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ನಾಲ್ಕು ಟವರ್ ಎದ್ದಿದ್ದರೆ, ಆ ಲೆಕ್ಕದಲ್ಲಿ ಅಲ್ಲಿ ಇನ್ನೂ ರಾಗಿಯೇ ಇದೆ. ಕಸದ ಲಾರಿ ವಾರಕ್ಕೊಂದು ಸಲ ಬಂದರೆ ಆಶ್ಚರ್ಯ ಪಡಬೇಡಿ.

"ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು" ಅಂದರೆ ಕೈತೊಳೆದುಕೊಂಡ ಹಾಗೇನಾ?

ನೋಡಲು ಹಾಗೇ ಕಾಣುತ್ತದೆ. ಆದರೆ ಆ ವಾಕ್ಯಕ್ಕೆ ಬೆಲೆಯಿದೆ. ಸದನದಲ್ಲಿ ಹಾಗೆ ಹೇಳಿದರೆ ಅದು ಭರವಸೆ ಅಂತ ದಾಖಲಾಗುತ್ತದೆ. ಸರ್ಕಾರಿ ಭರವಸೆಗಳ ಸಮಿತಿ ಅಂತ ಒಂದಿದೆ, ಅದು ಲೆಕ್ಕ ಇಡುತ್ತದೆ. ಸಂಸತ್ತಿನಲ್ಲಿ ಮೂರು ತಿಂಗಳೊಳಗೆ ಈಡೇರಿಸಬೇಕು. ಅವಧಿ ವಿಸ್ತರಣೆ ಕೇಳುತ್ತಾ ಹೋಗುತ್ತಾರೆ ಅನ್ನುವುದು ಬೇರೆ ಮಾತು. ನಿಮಗೆ ಬೇಕಾದ ಪ್ರಶ್ನೆಗೆ ಈ ಉತ್ತರ ಬಂದಿದ್ದರೆ ತಾರೀಕು ಬರೆದಿಟ್ಟುಕೊಂಡು ನಿಮ್ಮ ಸಂಸದರಿಗೆ ನೆನಪಿಸಿ.

ಸಚಿವರು ತಪ್ಪು ಅಂಕಿ ಹೇಳಿಬಿಟ್ಟರೆ?

ತಿದ್ದುಪಡಿ ಹೇಳಿಕೆ ಕೊಡಬಹುದು, ಕೊಡುತ್ತಾರೆ ಕೂಡ. ಸಂಸದರು ಸ್ಪೀಕರ್‌ಗೆ ಬರೆದು ತಪ್ಪು ತೋರಿಸಬಹುದು. ಬೇಕಂತಲೇ ದಾರಿ ತಪ್ಪಿಸಿದರು ಅನ್ನಿಸಿದರೆ ಹಕ್ಕುಚ್ಯುತಿ ಮಂಡಿಸಬಹುದು. ತಪ್ಪು ಹೇಳಿದ್ದು ಮಾತ್ರ ಹೆಡ್‌ಲೈನ್ ಆಗುತ್ತದೆ, ತಿದ್ದಿದ್ದು ಯಾರ ವಾಟ್ಸಾಪಿಗೂ ಬರಲ್ಲ.

2027ರ ಗಣತಿ ಮುಗಿದ ತಕ್ಷಣ ಇದೆಲ್ಲ ಸರಿ ಹೋಗುತ್ತಾ?

ತಕ್ಷಣ ಅಂತೂ ಇಲ್ಲ. ರೇಷನ್ ಮಿತಿ ಬದಲಾಗಬೇಕಾದರೆ ಹೊಸ ಸಂಖ್ಯೆ ಪ್ರಕಟವಾಗಬೇಕು, ಕೇಂದ್ರ ಹೊಸದಾಗಿ ನಿಗದಿ ಮಾಡಬೇಕು. ತೆರಿಗೆ ಪಾಲು 2031ರವರೆಗೆ ಹಳೆಯದೇ. ಲೋಕಸಭಾ ಕ್ಷೇತ್ರಗಳ ಕಥೆ ಬೇರೆ. ಯಾವ ರಾಜ್ಯಕ್ಕೆ ಎಷ್ಟು ಸೀಟು ಅನ್ನುವುದನ್ನು 1976ರಲ್ಲಿ 1971ರ ಜನಸಂಖ್ಯೆಗೆ ಕಟ್ಟಿಹಾಕಿದರು. ಆಮೇಲಿನ ತಿದ್ದುಪಡಿ, 2026ರ ನಂತರದ ಮೊದಲ ಜನಗಣತಿವರೆಗೆ ಅಂತ ಅದನ್ನು ಮುಂದುವರಿಸಿತು. 2027ರ ಗಣತಿ ಆ ಲೆಕ್ಕಕ್ಕೆ ಸರಿಯಾಗಿ ಬಂದು ಕೂರುತ್ತದೆ. ನಮ್ಮ 28 ಸೀಟಿನ ಚಿಂತೆ ಶುರುವಾಗಿರುವುದು ಅದಕ್ಕೇ, ಅದನ್ನು ಬರೆಯಲು ಇಷ್ಟೇ ಉದ್ದದ ಇನ್ನೊಂದು ಪುಟ ಬೇಕು.

ನಿಮ್ಮ ಚಿಕ್ಕಮ್ಮನ ಸೊಸೆಯ ಹೆಸರು ಕಾರ್ಡಿಗೆ ಸೇರಿತಾ?

ಸೇರಿತು. ಅಷ್ಟರಲ್ಲಿ ಮಗು ಹುಟ್ಟಿದೆ. ಈಗ ಮಗುವಿನ ಹೆಸರಿಗೆ ಅರ್ಜಿ ಹಾಕಿದ್ದೇವೆ.